ಬಡವರ ಪಕ್ಷದ ಧನ್ವಂತರಿ: ರುಡಾಲ್ಫ್ ವಿರ್ಖೋ

ವೈದ್ಯನನ್ನು ದೇವರಿಗೆ ಸಮಾನನೆಂದು ಭಾವಿಸುವ ನಾಡು ನಮ್ಮದು. ಆದರೆ ಆ ದೇವರ ಬಾಗಿಲು ಕಾಸಿಲ್ಲದವನಿಗೆ ಮುಚ್ಚಿದ್ದರೆ ವೈದ್ಯನ ಧರ್ಮವೇನು? ಈ ಪ್ರಶ್ನೆಯನ್ನು ಆಳುವವರ ಎದುರಿನಲ್ಲಿ ನಿಂತು ಕೇಳಿದವರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಅಗ್ರಗಣ್ಯರು.

ವಿರ್ಖೋ ಅವರು 1821ರ ಅಕ್ಟೋಬರ್ 13ರಂದು ಪ್ರಶ್ಯದ ಪೊಮೆರೇನಿಯ ಪ್ರಾಂತದ ಸಣ್ಣ ಊರೊಂದರಲ್ಲಿ ಜನಿಸಿದರು. ಮನೆಯಲ್ಲಿ ಸಿರಿತನವಿರಲಿಲ್ಲ. ಸರಕಾರದ ನೆರವಿನಿಂದ ಬರ್ಲಿನ್ನಿನ ಸೈನಿಕ ವೈದ್ಯಶಾಲೆಯಲ್ಲಿ ಓದಿ, 1843ರಲ್ಲಿ ಪದವಿ ಪಡೆದು, ಷಾರಿಟೆ ಆಸ್ಪತ್ರೆಯನ್ನು ಸೇರಿದರು.

1848ರ ಆದಿಯಲ್ಲಿ ಸೈಲೀಸಿಯ ಪ್ರಾಂತದಲ್ಲಿ ಟೈಫಸ್ ಜ್ವರವು ಊರೂರುಗಳನ್ನು ಬಾಧಿಸುತ್ತಿತ್ತು. ಅದರ ಪರಿಶೀಲನೆಗೆ ಸರಕಾರವು ಇಪ್ಪತ್ತಾರು ವರ್ಷದ ಈ ತರುಣನನ್ನು ಕಳುಹಿಸಿತು. ಅಲ್ಲಿ ಅವರು ಕಂಡದ್ದು ಜ್ವರವನ್ನಷ್ಟೇ ಅಲ್ಲ. ಹಸಿವು, ಇಕ್ಕಟ್ಟಾದ ಗುಡಿಸಲು, ಅಕ್ಷರವಿಲ್ಲದ ಜನ, ಅವರ ಪೋಲಿಷ್ ನುಡಿಯನ್ನರಿಯದ ಅಧಿಕಾರಿಗಳು. ಔಷಧಿಯ ಪಟ್ಟಿಯನ್ನು ನಿರೀಕ್ಷಿಸಿದ್ದ ಸರಕಾರಕ್ಕೆ ಅವರು ಒಪ್ಪಿಸಿದ್ದು ಬೇರೆಯೇ ಚಿಕಿತ್ಸೆಯನ್ನು: ಪ್ರಜಾಧಿಕಾರ, ಮಾತೃಭಾಷೆಯ ಶಿಕ್ಷಣ, ನ್ಯಾಯವಾದ ತೆರಿಗೆ, ಒಳ್ಳೆಯ ರಸ್ತೆ.

ಅವರು ಹಿಂದಿರುಗಿದ ಕೆಲವೇ ದಿನಗಳಲ್ಲಿ, ಮಾರ್ಚ್ 18ರಂದು, ಬರ್ಲಿನ್ ನಗರವು ಅರಸೊತ್ತಿಗೆಯ ವಿರುದ್ಧ ಎದ್ದಿತು. ವಿರ್ಖೋ ಬೀದಿಯ ತಡೆಗೋಡೆಯ ಹಿಂದೆ ನಾಗರಿಕರೊಡನೆ ನಿಂತರು. ಜುಲೈ ತಿಂಗಳಲ್ಲಿ ಮಿತ್ರ ಲ್ಯೂಬುಷರ್ ಅವರೊಡನೆ ವೈದ್ಯಸುಧಾರಣೆಯ ವಾರಪತ್ರಿಕೆಯೊಂದನ್ನು ಆರಂಭಿಸಿ, ಪ್ರಜೆಗಳ ಆರೋಗ್ಯರಕ್ಷಣೆ ರಾಜ್ಯದ ಹೊಣೆಯೆಂದೂ, ಬಡವರಿಗೆ ಸಾರ್ವಜನಿಕ ವೆಚ್ಚದಲ್ಲಿ ಚಿಕಿತ್ಸೆ ದೊರೆಯಬೇಕೆಂದೂ, ಅದು ಭಿಕ್ಷೆಯಲ್ಲದೆ ಹಕ್ಕೆಂದೂ ಪ್ರತಿಪಾದಿಸಿದರು.

ಕ್ರಾಂತಿಯು ಅಡಗಿತು. ಪತ್ರಿಕೆ 1849ರ ಜೂನ್‌ನಲ್ಲಿ ನಿಂತಿತು. ಆಸ್ಪತ್ರೆಯ ಹುದ್ದೆಗೂ ಕುತ್ತು ಬಂದು, ಅವರು ಬರ್ಲಿನ್ನನ್ನು ಬಿಟ್ಟು ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಆದರೆ ಚಿನ್ನವು ಪುಟದಲ್ಲಿ ಬೆಂದಷ್ಟೂ ಹೊಳೆಯುವುದಲ್ಲವೆ? 1856ರಲ್ಲಿ ಅದೇ ಬರ್ಲಿನ್ ಅವರನ್ನು ಗೌರವದಿಂದ ಮರಳಿ ಕರೆಯಿತು. ರೋಗದ ನೆಲೆ ಜೀವಕೋಶದಲ್ಲಿದೆಯೆಂದು ನಿರೂಪಿಸಿದ ಅವರ ಮಹಾಗ್ರಂಥ 1858ರಲ್ಲಿ ಪ್ರಕಟವಾಯಿತು.

1859ರಿಂದ ಬಾಳಿನ ಕೊನೆಯವರೆಗೂ ಅವರು ಬರ್ಲಿನ್ ನಗರಸಭೆಯ ಸದಸ್ಯರಾಗಿದ್ದರು. ಬೀದಿಯಲ್ಲಿ ಕೂಗಿದ್ದನ್ನು ಸಭೆಯಲ್ಲಿ ಕುಳಿತು ಸಾಧಿಸುವ ತಾಳ್ಮೆ ಅವರಿಗಿತ್ತು. ನಗರದ ಒಳಚರಂಡಿಗೂ ಸಾರ್ವಜನಿಕ ಆಸ್ಪತ್ರೆಗಳಿಗೂ ಅವರ ದುಡಿಮೆ ಆಧಾರವಾಯಿತು. ಅವರಲ್ಲಿ ದೋಷವಿರಲಿಲ್ಲವೆಂದಲ್ಲ, ರೋಗಾಣುಗಳ ಹೊಸ ಸಿದ್ಧಾಂತವನ್ನು ಅವರು ಬಹುಕಾಲ ಸಂಶಯದಿಂದಲೇ ನೋಡಿದರು. ಕಾರ್ಮಿಕರ ಅನಾರೋಗ್ಯವಿಮೆಯ ಶಾಸನವು 1883ರಲ್ಲಿ ಬಂದದ್ದು ಅವರ ರಾಜಕೀಯ ಪ್ರತಿಸ್ಪರ್ಧಿ ಬಿಸ್ಮಾರ್ಕರ ಕೈಯಿಂದ. 1902ರ ಸೆಪ್ಟೆಂಬರ್ 5ರಂದು ವಿರ್ಖೋ ಕಾಲವಶರಾದರು.

ಅವರು ಬಿತ್ತಿದ ಬೀಜವು ದೂರದ ನೆಲಗಳಲ್ಲಿಯೂ ಮೊಳೆಯಿತು. ವಿರ್ಖೋ ಅವರನ್ನು ಆದರ್ಶವಾಗಿ ಕಂಡ ವೈದ್ಯಚರಿತ್ರಕಾರ ಹೆನ್ರಿ ಸಿಗೆರಿಸ್ಟ್ 1944ರಲ್ಲಿ ಭಾರತಕ್ಕೆ ಬಂದು ಭೋರ್ ಸಮಿತಿಗೆ ಸಲಹೆಯಿತ್ತರು. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ತ್ವವನ್ನು ಆ ಸಮಿತಿಯು 1946ರಲ್ಲಿ ಸಾರಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಗೂ ಅದೇ ಮೂಲ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸರಕಾರಿ ಆಸ್ಪತ್ರೆಗಳಲ್ಲಿ ಮಳೆಗಾಲದ ಜ್ವರದಿಂದ ಬಳಲುವ ಮೀನುಗಾರನೋ ಕೂಲಿಯ ಹೆಂಗಸೋ ಚೀಟಿ ಹಿಡಿದು ನಿಂತಾಗ, ಆ ಸಾಲಿನ ಹಿಂದೆ ಇಂತಹ ಹಿರಿಯರ ಹೋರಾಟವಿದೆ. ಆ ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ಮರಳದಂತೆ ನೋಡಿಕೊಳ್ಳುವುದೇ ವಿರ್ಖೋ ಅವರಿಗೆ ಸಲ್ಲಿಸುವ ನಿಜವಾದ ನಮನ.