ಒಡೆಯುವ ರಾಳಕ್ಕೆ ನಾರಿನ ಬಲ ಕೊಟ್ಟ ಬೇಕ್‌ಲ್ಯಾಂಡ್

ಹಳೆಯ ಮನೆಗಳ ಗೋಡೆಯಲ್ಲಿರುವ ಕಪ್ಪು ಗುಂಡು ಸ್ವಿಚ್ಚನ್ನು ಎಲ್ಲರೂ ನೋಡಿರುತ್ತೀರಿ. ಅದು ಬೇಕಲೈಟ್. ಕಂಡುಹಿಡಿದ ಲಿಯೋ ಬೇಕ್‌ಲ್ಯಾಂಡ್ ಅವರ ಹೆಸರೇ ಅದಕ್ಕೆ ಬಂದಿದೆ.

ಅವರು 1863ರ ನವೆಂಬರ್ 14ರಂದು ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಹುಟ್ಟಿದರು. ತಂದೆ ಪಾದರಕ್ಷೆ ಹೊಲಿಯುವವರು, ತಾಯಿ ಮನೆಗೆಲಸ ಮಾಡುವವರು. ಮಗ ಬೇಗ ಕಸುಬಿಗೆ ಬರಲಿ ಎಂದು ತಂದೆಯ ಆಸೆ, ಓದಲಿ ಎಂದು ತಾಯಿಯ ಹಠ. ತಾಯಿಯೇ ಗೆದ್ದರು. ಸ್ಕಾಲರ್‌ಶಿಪ್‌ನಲ್ಲಿ ಓದಿದ ಹುಡುಗ 1884ರಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದರು. 1889ರಲ್ಲಿ ತಮ್ಮ ಪ್ರಾಧ್ಯಾಪಕರ ಮಗಳು ಸೆಲೀನ್ ಅವರನ್ನು ಮದುವೆಯಾಗಿ ಅಮೆರಿಕಕ್ಕೆ ಹೋದವರು ಅಲ್ಲಿಯೇ ನೆಲೆಸಿದರು.

ದೀಪದ ಬೆಳಕಿನಲ್ಲೇ ಚಿತ್ರ ಮುದ್ರಿಸಬಹುದಾದ ವೆಲಾಕ್ಸ್ ಎಂಬ ಫೋಟೋ ಕಾಗದ ಅವರ ಮೊದಲ ಗೆಲುವು. 1899ರಲ್ಲಿ ಕೊಡಾಕ್‌ನ ಜಾರ್ಜ್ ಈಸ್ಟ್‌ಮನ್ ಲಕ್ಷಗಟ್ಟಲೆ ಡಾಲರ್ ಕೊಟ್ಟು ಅದನ್ನು ಕೊಂಡರು. ಕಾಮರ್ಸ್ ಓದುವ ನಾವಾಗಿದ್ದರೆ ಬಡ್ಡಿಯ ಲೆಕ್ಕ ಹಾಕುತ್ತಾ ಕುಳಿತುಬಿಡುತ್ತಿದ್ದೆವೇನೋ! ಅವರು ಯಾಂಕರ್ಸ್ ಊರಿನ ತಮ್ಮ ಮನೆಯ ಕೊಟ್ಟಿಗೆಯನ್ನು ಪ್ರಯೋಗಾಲಯ ಮಾಡಿಕೊಂಡರು.

ಆಗ ವಿದ್ಯುತ್ ಉಪಕರಣಗಳಿಗೆ ಶೆಲ್ಲಾಕ್ ಬೇಕಾಗುತ್ತಿತ್ತು. ಅದು ಅರಗಿನಿಂದ, ಅಂದರೆ ನಮ್ಮ ಉರ್ದು ಮನೆಗಳಲ್ಲಿ ಲಾಖ್ ಎನ್ನುವ ವಸ್ತುವಿನಿಂದ ಬರುತ್ತದೆ. ಮರದ ಮೇಲಿನ ಸಣ್ಣ ಕೀಟಗಳು ಅದನ್ನು ಕೊಡುತ್ತವೆ. ಹೆಚ್ಚಾಗಿ ಭಾರತದಿಂದಲೇ ಹೋಗುತ್ತಿತ್ತು. ಬೇಡಿಕೆ ಏರಿತು, ಕೀಟಗಳ ವೇಗ ಏರಲಿಲ್ಲ.

ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿ ಕಾಯಿಸಿದರು. ಅವರಿಗಿಂತ ಮೊದಲೇ ಇದನ್ನು ಮಾಡಿದವರು ಪಾತ್ರೆಗೆ ಅಂಟಿದ ರಾಳ ಕಂಡು ಕೈಬಿಟ್ಟಿದ್ದರು. ಹೆಚ್ಚು ಬಿಸಿಯಾದರೆ ಗುಳ್ಳೆ ಎದ್ದು ಸ್ಪಂಜಿನಂತಾಗುತ್ತಿತ್ತು. ಇವರು ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಶಾಖದ ಜೊತೆ ಒತ್ತಡವನ್ನೂ ಕೊಟ್ಟರು, ಗುಳ್ಳೆಗಳು ಅಡಗಿದವು. 1907ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1909ರಲ್ಲಿ ಅದು ಸಿಕ್ಕಿತು.

ಆದರೆ ಬರಿಯ ರಾಳ ಗಡಸಾಗಿದ್ದರೂ ಪೆಟ್ಟು ಬಿದ್ದರೆ ಗಾಜಿನಂತೆ ಒಡೆಯುತ್ತಿತ್ತು. ಗಡಸುತನ ಬೇರೆ, ಪೆಟ್ಟು ತಾಳುವ ಗುಣ ಬೇರೆ. ಆದ್ದರಿಂದ ಮರದ ಪುಡಿ, ಹತ್ತಿಯ ನಾರು, ಕಲ್ನಾರು ಬೆರೆಸಿದರು. (ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯ ಎಂಬುದು ಈಗ ಎಲ್ಲರಿಗೂ ಗೊತ್ತು.) ಬರಿಯ ರಾಳದಲ್ಲಿ ಬಿರುಕು ತಡೆಯಿಲ್ಲದೆ ಓಡುತ್ತದೆ. ನಾರು ಅಡ್ಡ ಬಂದರೆ ಬಿರುಕು ದಾರಿ ಬದಲಿಸಬೇಕು, ಇಲ್ಲವೇ ನಾರನ್ನು ರಾಳದಿಂದ ಎಳೆದು ಕೀಳಬೇಕು. ಅಷ್ಟರಲ್ಲಿ ಪೆಟ್ಟಿನ ಶಕ್ತಿ ಖರ್ಚಾಗುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದ ನಮ್ಮ ಹಿರಿಯರಿಗೆ ಈ ಮಾತು ಹೊಸದಲ್ಲ. ಮುಂದೆ ಬಟ್ಟೆಯ ಪದರಗಳನ್ನು ರಾಳದಲ್ಲಿ ನೆನೆಸಿ ಒತ್ತಿ, ಯಂತ್ರದ ಹಲ್ಲುಚಕ್ರಗಳನ್ನೂ ಮಾಡಿದರು.

ನಮ್ಮ ಭಟ್ಕಳದ ತೆಂಗಿನಗುಂಡಿ ಬಂದರಿನ ಫೈಬರ್ ದೋಣಿಗಳೂ ಇದೇ ವಂಶದವು. ರಾಳ ಬೇರೆ, ನಾರು ಗಾಜಿನದು. ಅಲೆಯ ಹೊಡೆತಕ್ಕೆ, ದಡದ ಕಲ್ಲಿಗೆ ಬಿರುಕು ಬಿಡದಿರುವುದು ಮೀನುಗಾರರಿಗೆ ಪ್ರಾಣದ ಪ್ರಶ್ನೆ. ಈಗ ಕೆಲವು ರಾಳಗಳಿಗೆ ರಬ್ಬರಿನ ಅತಿಸಣ್ಣ ಕಣಗಳನ್ನು ಸೇರಿಸಿ ಇನ್ನಷ್ಟು ತಾಳಿಕೆ ತರುತ್ತಾರೆ.

ಬೇಕ್‌ಲ್ಯಾಂಡ್ ವ್ಯಾಪಾರದಲ್ಲೂ ಜಾಣರು. ಪೇಟೆಂಟಿನ ಜಗಳವಾಡಿದ ಎದುರಾಳಿ ಕಂಪನಿಗಳನ್ನೇ 1922ರಲ್ಲಿ ತಮ್ಮದರ ಜೊತೆ ಸೇರಿಸಿಕೊಂಡರು. 1924ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. 1939ರಲ್ಲಿ ಕಂಪನಿಯನ್ನು ಯೂನಿಯನ್ ಕಾರ್ಬೈಡ್‌ಗೆ ಮಾರಿದರು. ಅಷ್ಟು ಶ್ರೀಮಂತರಾದರೂ ಕೊನೆಗಾಲದಲ್ಲಿ ಒಂಟಿಯಾಗಿರಲು ಬಯಸಿ, ಡಬ್ಬಿಯ ಆಹಾರವನ್ನೇ ತಿನ್ನುತ್ತಿದ್ದರು. 1944ರ ಫೆಬ್ರವರಿ 23ರಂದು ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ತೀರಿಕೊಂಡರು.