ಬೆಳ್ಳಿರಥದ ಸಾರಥಿ

ವೇಗದ ಮೋಹ ಮನುಷ್ಯನಿಗೆ ಇಂದು ನಿನ್ನೆ ಅಂಟಿದುದಲ್ಲ. ನಳೋಪಾಖ್ಯಾನದಲ್ಲಿ ಬಾಹುಕವೇಷದ ನಳನು ಋತುಪರ್ಣನ ರಥವನ್ನು ನಡೆಸುತ್ತಿರುವಾಗ ಅರಸನ ಉತ್ತರೀಯ ಜಾರಿ ಬೀಳುತ್ತದೆ. ರಥವನ್ನು ನಿಲ್ಲಿಸೆಂದು ಅರಸನು ಹೇಳುವಷ್ಟರಲ್ಲಿ ಉತ್ತರೀಯವು ಒಂದು ಯೋಜನ ಹಿಂದೆ ಉಳಿದಿರುತ್ತದೆ. ತರಗತಿಯಲ್ಲಿ ಈ ಪ್ರಸಂಗ ಬಂದಾಗಲೆಲ್ಲ ವಿದ್ಯಾರ್ಥಿಗಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ರಥದ ಅಲಂಕಾರವಾಗಲಿ ಕುದುರೆಗಳ ಲಕ್ಷಣವಾಗಲಿ ಅವರಿಗೆ ಮುಖ್ಯವಲ್ಲ. ಅಶ್ವಹೃದಯವನ್ನು ಬಲ್ಲ ಆ ಸಾರಥಿ ಯಾರೆಂಬುದರಲ್ಲಿಯೇ ಅವರ ಕುತೂಹಲವೆಲ್ಲ ನೆಲೆಸಿರುತ್ತದೆ. ಅಂಥ ಒಬ್ಬ ಸಾರಥಿಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಬಯಸುತ್ತೇನೆ. ಅವನು ಪುರಾಣದವನಲ್ಲ, ಇಪ್ಪತ್ತನೆಯ ಶತಮಾನದ ಜರ್ಮನಿಯವನು. ಹೆಸರು ಬೆರ್ನ್ಡ್ ರೋಸೆಮೆಯರ್.

ಕನ್ನಡ ಅಧ್ಯಾಪಕನಿಗೆ ಈ ಪರಿಚಯ ಹೇಗಾಯಿತೆಂದು ವಾಚಕರು ಕೇಳಬಹುದು. ನರಿಮೊಗರಿನ ನನ್ನ ಮನೆಯಲ್ಲಿ ಹಳಗನ್ನಡ ಕಾವ್ಯಗಳಿರುವ ಕಪಾಟಿನ ಕೆಳಗಿನ ಅರೆಯೊಂದರಲ್ಲಿ ಕೆಲವು ಪುಟ್ಟ ಕಾರುಗಳಿವೆ. ಅವು ಆಟಿಕೆಗಳಲ್ಲ, 1930ರ ದಶಕದ ಜರ್ಮನ್ ಓಟದ ಕಾರುಗಳ ಅಳತೆಬದ್ಧ ಮಾದರಿಗಳು. ನಿಜವಾದ ಕಾರಿನ ನಲವತ್ತಮೂರನೆಯ ಒಂದು ಪಾಲಿಗೆ ಇಳಿಸಿದ ಇವು ಅಂಗೈಯಗಲ ಮಾತ್ರ ಇರುತ್ತವೆ. ಚಕ್ರದ ಒಂದೊಂದು ಕಡ್ಡಿಯನ್ನೂ, ಹೊಗೆಕೊಳವೆಗಳ ಸಾಲನ್ನೂ ಎಣಿಸಬಹುದಾದಷ್ಟು ನಾಜೂಕಿನ ಕೆಲಸ ಅವುಗಳಲ್ಲಿದೆ. ಹಳೆಯ ಕಾರುಗಳನ್ನು ನೋಡಬೇಕೆಂದರೆ ನಮ್ಮ ಸೀಮೆಯವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ಅಲ್ಲಿರುವವು ನಿಜವಾದ ಕಾರುಗಳೇ. ಆದರೆ ರೋಸೆಮೆಯರ್ ಓಡಿಸಿದ ಆಟೋ ಯೂನಿಯನ್ ಸಂಸ್ಥೆಯ ಕಾರುಗಳ ಗತಿ ಬೇರೆಯಾಯಿತು. ಅವು ತಯಾರಾದ ಜ್ವಿಕಾವ್ ಪಟ್ಟಣವು ಎರಡನೆಯ ಮಹಾಯುದ್ಧದ ಅನಂತರ ಸೋವಿಯತ್ ವಲಯಕ್ಕೆ ಸೇರಿತು. ಉಳಿದಿದ್ದ ಕಾರುಗಳನ್ನು ರಷ್ಯಕ್ಕೆ ಸಾಗಿಸಲಾಯಿತು. ಇಂದು ಮೂಲರೂಪದಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು ಮಾತ್ರ. ಹೀಗಾಗಿ ಈ ಕಾರುಗಳ ಮಟ್ಟಿಗೆ ಮಾದರಿಯ ಸಂಗ್ರಹವು ವಿನೋದಕ್ಕಿಂತ ಹೆಚ್ಚಿನದು. ಕಳೆದುಹೋದ ಗ್ರಂಥದ ಪ್ರತಿಯೊಂದನ್ನು ಕಾಪಾಡಿಕೊಂಡ ಹಾಗೆ.

ಜರ್ಮನರು ಕರಾವಳಿಯವರಿಗೆ ಅಪರಿಚಿತರಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾನಿಘಂಟುವಿನ ಕರ್ತೃ ಕಿಟೆಲ್ ಅವರು ಜರ್ಮನಿಯ ವಾಯುವ್ಯ ಮೂಲೆಯ ಈಸ್ಟ್ ಫ್ರೀಸಿಯ ಪ್ರಾಂತದವರು. ಆ ಪ್ರಾಂತಕ್ಕೆ ದಕ್ಷಿಣದಲ್ಲಿ, ಎಮ್ಸ್ ನದಿಯ ದಡದಲ್ಲಿ ಲಿಂಗೆನ್ ಎಂಬ ಸಣ್ಣ ಪಟ್ಟಣವಿದೆ. 1909ರ ಅಕ್ಟೋಬರ್ 14ರಂದು ರೋಸೆಮೆಯರ್ ಅಲ್ಲಿ ಜನಿಸಿದನು. ತಂದೆಗೆ ವಾಹನಗಳನ್ನು ದುರಸ್ತಿಮಾಡುವ ಕಾರ್ಯಾಗಾರವಿತ್ತು. ಎಣ್ಣೆಯ ವಾಸನೆ, ಎಂಜಿನ್ನಿನ ಸದ್ದುಗಳ ನಡುವೆಯೇ ಮಗುವಿನ ಬಾಲ್ಯ ಕಳೆಯಿತು. ತಾರುಣ್ಯದಲ್ಲಿ ಅವನನ್ನು ಸೆಳೆದದ್ದು ಮೋಟಾರ್ ಸೈಕಲ್. ಹುಲ್ಲುಗಾವಲಿನ ಸ್ಪರ್ಧೆಗಳಲ್ಲಿಯೂ ರಸ್ತೆಯ ಸ್ಪರ್ಧೆಗಳಲ್ಲಿಯೂ ಹೆಸರು ಗಳಿಸಿ, 1934ರ ಹೊತ್ತಿಗೆ ಡಿಕೆಡಬ್ಲ್ಯು ಸಂಸ್ಥೆಯ ಸವಾರನಾಗಿದ್ದನು. ಡಿಕೆಡಬ್ಲ್ಯು, ಆಡಿ, ಹಾರ್ಚ್, ವಾಂಡರರ್ ಎಂಬ ನಾಲ್ಕು ಸಂಸ್ಥೆಗಳು ಕೂಡಿ 1932ರಲ್ಲಿ ಆಟೋ ಯೂನಿಯನ್ ಆಗಿತ್ತು. ಇಂದು ನಮ್ಮ ರಸ್ತೆಗಳಲ್ಲಿಯೂ ಆಡಿ ಕಾರುಗಳ ಮೂತಿಯ ಮೇಲೆ ಕಾಣುವ ನಾಲ್ಕು ಉಂಗುರಗಳು ಆ ಕೂಟದ ಗುರುತೇ.

1934ರಲ್ಲಿ ಆಟೋ ಯೂನಿಯನ್ ವಿಚಿತ್ರವಾದೊಂದು ಓಟದ ಕಾರನ್ನು ರಂಗಕ್ಕೆ ತಂದಿತ್ತು. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಆ ಕಾರಿನಲ್ಲಿ ಹದಿನಾರು ಸಿಲಿಂಡರುಗಳ ಎಂಜಿನ್ ಚಾಲಕನ ಬೆನ್ನ ಹಿಂದಿತ್ತು. ಇದರ ಮರ್ಮ ಕಂಬಳ ಕಂಡವರಿಗೆ ಸುಲಭವಾಗಿ ಹೊಳೆಯುತ್ತದೆ. ಪುತ್ತೂರಿನ ಕೋಟಿ-ಚೆನ್ನಯ ಜೋಡುಕರೆಯಲ್ಲಿ ಕೋಣಗಳು ಮುಂದೆ, ಓಡಿಸುವವನು ಹಿಂದೆ. ಕೋಣಗಳು ಎತ್ತ ಜಗ್ಗುತ್ತವೆಂಬುದು ಅವನ ಕಣ್ಣೆದುರಿಗೇ ಇರುತ್ತದೆ. ಆ ಕಾಲದ ಮಿಕ್ಕ ಓಟದ ಕಾರುಗಳೂ ಹೀಗೆಯೇ. ಬಲ ಮುಂದೆ, ಚಾಲಕ ಹಿಂದೆ. ಆಟೋ ಯೂನಿಯನ್ನಿನಲ್ಲಿ ಚಾಲಕನು ಮೂತಿಯ ಸಮೀಪ ಕುಳಿತಿರುತ್ತಿದ್ದನು. ಭಾರವೂ ಬಲವೂ ಹಿಂಬದಿಯಲ್ಲಿ. ತಿರುವಿನಲ್ಲಿ ಬಾಲ ಜಾರತೊಡಗಿದುದು ಅರಿವಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ನುರಿತ ಚಾಲಕರಲ್ಲಿ ಅನೇಕರು ಈ ಕಾರಿಗೆ ಹೊಂದಿಕೊಳ್ಳಲಾರದೆ ಹೋದರು. ರೋಸೆಮೆಯರನಿಗೆ ಮಾತ್ರ ಅಂಥ ತೊಡಕಿರಲಿಲ್ಲ. ಅವನು ಅದಕ್ಕೆ ಮೊದಲು ಯಾವ ಓಟದ ಕಾರನ್ನೂ ನಡೆಸಿದವನಲ್ಲ. ಮರೆಯಬೇಕಾದ ಹಳೆಯ ಅಭ್ಯಾಸವೊಂದೂ ಅವನಲ್ಲಿರಲಿಲ್ಲ. ದ್ವಿಚಕ್ರಿಕೆಯ ಮೇಲೆ ಸಮತೋಲವನ್ನು ಮೈಯಿಂದಲೇ ಅರಿಯಲು ಕಲಿತಿದ್ದ ಅವನಿಗೆ ಈ ಒರಟು ಯಂತ್ರ ಒಲಿಯಿತು.

1935ರ ಮೇ ತಿಂಗಳಲ್ಲಿ ಬರ್ಲಿನ್ನಿನ ಆವುಸ್ ಪಥದಲ್ಲಿ ಅವನು ಮೊದಲ ಸಲ ಕಾರಿನ ಸ್ಪರ್ಧೆಗಿಳಿದನು. ಮರುತಿಂಗಳು ನ್ಯೂರ್ಬುರ್ಗ್‌ರಿಂಗಿನಲ್ಲಿ ನಡೆದುದು ಅವನ ಎರಡನೆಯ ಸ್ಪರ್ಧೆ. ಸುಮಾರು 22.8 ಕಿಲೋಮೀಟರ್ ಸುತ್ತಳತೆಯ, 170ಕ್ಕೂ ಹೆಚ್ಚು ತಿರುವುಗಳ ಆ ಮಲೆನಾಡ ಪಥದಲ್ಲಿ ಮರ್ಸಿಡಿಸ್ ತಂಡದ ಮಹಾಚಾಲಕ ರುಡೋಲ್ಫ್ ಕರಾಚಿಯೋಲನು ಕೊನೆಯ ಗಳಿಗೆಯಲ್ಲಿ ಅವನನ್ನು ಹಿಂದೆ ಹಾಕಿದನು. ಗೆಲುವಿನ ಅಂತರ ಎರಡು ಸೆಕೆಂಡಿಗೂ ಕಡಿಮೆ. ಸೆಪ್ಟೆಂಬರ್ 29ರಂದು ಚೆಕೊಸ್ಲೊವಾಕಿಯದ ಬರ್ನೋ ನಗರದಲ್ಲಿ ಅವನಿಗೆ ಮೊದಲ ಜಯ ಲಭಿಸಿತು.

ಆ ಜಯದೊಂದಿಗೆ ಇನ್ನೊಂದು ಭಾಗ್ಯವೂ ಕೂಡಿಬಂದಿತು. ಉಪನ್ಯಾಸಕ್ಕೆಂದು ಆ ನಗರಕ್ಕೆ ಬಂದಿದ್ದ ವಿಮಾನಚಾಲಕಿ ಎಲಿ ಬೈನ್‌ಹಾರ್ನಳ ಪರಿಚಯ ಅಲ್ಲಿ ಆಯಿತು. ಕೀರ್ತಿಯಲ್ಲಿ ಆಗ ಆಕೆಯೇ ದೊಡ್ಡವಳು. 1931ರ ಕೊನೆಯಲ್ಲಿ ಒಬ್ಬಳೇ ಸಣ್ಣ ವಿಮಾನವೇರಿ ಹೊರಟು, ಪರ್ಷಿಯ, ಭಾರತಗಳ ಮೇಲೆ ಹಾರಿ ಆಸ್ಟ್ರೇಲಿಯವನ್ನು ಮುಟ್ಟಿ, ಸಾಗರವನ್ನು ಹಡಗಿನಲ್ಲಿ ದಾಟಿ ದಕ್ಷಿಣ ಅಮೆರಿಕವನ್ನು ಕಂಡು, 1932ರಲ್ಲಿ ತಾಯ್ನಾಡಿಗೆ ಮರಳಿದ ಧೀರೆ. 1936ರ ಜುಲೈ 13ರಂದು ಅವರ ವಿವಾಹವಾಯಿತು. ಪಶ್ಚಿಮದವರು ಅಶುಭವೆಂದು ಬಗೆಯುವ ಹದಿಮೂರನ್ನು ಈ ದಂಪತಿಗಳು ಶುಭಸಂಖ್ಯೆಯೆಂದೇ ತಿಳಿದಿದ್ದರು. ಮದುವೆಯ ಹದಿಮೂರನೆಯ ದಿನ, ಜುಲೈ 26ರಂದು, ಅವನು ಜರ್ಮನ್ ಗ್ರಾಂಪ್ರಿಯನ್ನು ಗೆದ್ದನು.

ಆ ವರ್ಷವೆಲ್ಲ ಅವನದೇ. ಜೂನ್ 14ರಂದು ನ್ಯೂರ್ಬುರ್ಗ್‌ರಿಂಗಿನಲ್ಲಿ ನಡೆದ ಸ್ಪರ್ಧೆಯ ನಡುವೆ ದಟ್ಟವಾದ ಮಂಜು ಇಳಿಯಿತು. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ಬಸ್ಸಿನ ಮುಂದಿನ ಆಸನದಲ್ಲಿ ಕುಳಿತು ಹತ್ತಿದವರಿಗೆ ಆ ನೋಟ ಗೊತ್ತಿರುತ್ತದೆ: ರಸ್ತೆ ಇಲ್ಲವಾಗಿ, ಬಿಳಿಯ ಗೋಡೆಯೊಂದು ಎದುರಿಗೆ ನಿಂತಿರುತ್ತದೆ. ಮಿಕ್ಕವರೆಲ್ಲ ವೇಗವನ್ನು ತಗ್ಗಿಸಿದರು. ರೋಸೆಮೆಯರ್ ಇಟಲಿಯ ನುವೊಲಾರಿಯನ್ನು ಹಿಂದಿಕ್ಕಿ ಗೆದ್ದನು. ಮಂಜಿನ ಒಡೆಯನೆಂಬ ಬಿರುದು ಅಂದಿನಿಂದ ಅವನಿಗೆ ನಿಂತಿತು. ಮುಂದೆ ಸ್ವಿಟ್ಜರ್ಲೆಂಡ್, ಇಟಲಿಗಳ ಗ್ರಾಂಪ್ರಿಗಳನ್ನೂ ಗೆದ್ದು ಯೂರೋಪಿನ ಚಾಂಪಿಯನ್ ಆದನು. 1937ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ಕಪ್, ಅಕ್ಟೋಬರ್ 2ರಂದು ಇಂಗ್ಲೆಂಡಿನ ಡಾನಿಂಗ್ಟನ್ ಗ್ರಾಂಪ್ರಿ ಅವನ ಪಾಲಾದವು. ಡಾನಿಂಗ್ಟನ್ ಅವನ ಕೊನೆಯ ಸ್ಪರ್ಧೆಯೂ ಆಯಿತು. ಅದೇ ತಿಂಗಳಿನ ಕೊನೆಯ ವಾರ ಸಾಮಾನ್ಯ ಹೆದ್ದಾರಿಯ ಮೇಲೆ ಗಂಟೆಗೆ 400 ಕಿಲೋಮೀಟರ್ ವೇಗವನ್ನು ಮೀರಿದ ಮೊದಲಿಗನೆನಿಸಿದನು. ನವೆಂಬರಿನಲ್ಲಿ ಗಂಡುಮಗು ಜನಿಸಿತು.

1938ರ ಜನವರಿ 28. ಫ್ರಾಂಕ್‌ಫರ್ಟಿನಿಂದ ಡಾರ್ಮ್‌ಸ್ಟಾಟ್‌ಗೆ ಹೋಗುವ ಹೆದ್ದಾರಿಯಲ್ಲಿ ಬೆಳಗ್ಗೆ ಕರಾಚಿಯೋಲನು ಗಂಟೆಗೆ 432.7 ಕಿಲೋಮೀಟರಿನ ದಾಖಲೆಯನ್ನು ಸ್ಥಾಪಿಸಿದನು. ಸಾರ್ವಜನಿಕ ರಸ್ತೆಯ ಮೇಲಿನ ಆ ದಾಖಲೆ 2017ರ ವರೆಗೆ ಅಳಿಯಲಿಲ್ಲ. ಅದನ್ನು ಅಂದೇ ಮುರಿಯಲೆಂದು ರೋಸೆಮೆಯರ್ ಹೊರಟನು. ಹೊತ್ತೇರಿದಂತೆ ಗಾಳಿ ಏಳುತ್ತಿತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಕಾಡಿನ ಸಾಲು ತೆರವಾಗಿದ್ದ ಎಡೆಯೊಂದರಲ್ಲಿ ಕಾರು ಅಂಕೆತಪ್ಪಿ ಚೂರುಚೂರಾಯಿತು. ಅಡ್ಡಗಾಳಿಯೇ ಕಾರಣವೆಂದು ಕೆಲವರು, ಕಾರಿನ ಹೊದಿಕೆ ಒತ್ತಡವನ್ನು ತಾಳದೆ ಹೋಯಿತೆಂದು ಕೆಲವರು ಹೇಳುತ್ತಾರೆ. ಹೊರಗೆಸೆಯಲ್ಪಟ್ಟ ರೋಸೆಮೆಯರ್ ಮರಗಳ ನಡುವೆ ಪ್ರಾಣಬಿಟ್ಟನು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಕಾರುಗಳ ಸ್ಪರ್ಧೆಯಲ್ಲಿ ಅವನು ಕಳೆದದ್ದು ಮೂರೇ ಋತುಗಳು.

ಇಲ್ಲಿಗೆ ಮುಗಿಸಿದರೆ ಇದೊಂದು ವೀರಗಾಥೆಯಾಗುತ್ತದೆ. ಸಂಗ್ರಾಹಕರ ಕೈಪಿಡಿಗಳಲ್ಲಿ ಇದು ಮುಗಿಯುವುದೂ ಇಲ್ಲಿಗೇ. ಆದರೆ ಇನ್ನೊಂದು ಸಂಗತಿಯನ್ನು ಹೇಳದೆ ಲೇಖನಿಯನ್ನು ಕೆಳಗಿಡಲಾರೆ. ಬೆಳ್ಳಿಯ ಬಾಣಗಳೆಂದು ಹೆಸರಾದ ಈ ಕಾರುಗಳ ಹಿಂದೆ ಹಿಟ್ಲರನ ಸರಕಾರದ ಹಣವಿತ್ತು. ಮರ್ಸಿಡಿಸ್, ಆಟೋ ಯೂನಿಯನ್ ಸಂಸ್ಥೆಗಳೆರಡಕ್ಕೂ ಸರಕಾರ ಸಹಾಯಧನ ಕೊಡುತ್ತಿತ್ತು. ಪ್ರತಿಯೊಂದು ಜಯವೂ ಆ ಆಳ್ವಿಕೆಯ ಜಯವೆಂದು ಪ್ರಚಾರವಾಗುತ್ತಿತ್ತು. ರೋಸೆಮೆಯರ್ ಎಸ್‌ಎಸ್ ಪಡೆಯ ಸದಸ್ಯನಾಗಿದ್ದನು. ಗೆದ್ದಂತೆಲ್ಲ ಆ ಪಡೆಯಲ್ಲಿ ಅವನಿಗೆ ಬಡ್ತಿ ದೊರೆಯಿತು. ಅವನು ಅದನ್ನು ಸ್ವೀಕರಿಸಿದನು. ಯೆಹೂದ್ಯರ ಪೌರತ್ವವನ್ನು ಕಸಿದ ನ್ಯೂರೆಂಬರ್ಗ್ ಶಾಸನಗಳು ಹೊರಬಿದ್ದುದು 1935ರ ಸೆಪ್ಟೆಂಬರ್ 15ರಂದು. ಅವನ ಮೊದಲ ಜಯಕ್ಕೆ ಸರಿಯಾಗಿ ಎರಡು ವಾರ ಮೊದಲು. ಅವನು ಸತ್ತ ವರ್ಷದ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯೆಹೂದ್ಯರ ಮಂದಿರಗಳಿಗೆ ಬೆಂಕಿಯಿಟ್ಟಾಗ ಅವನ ಹುಟ್ಟೂರು ಲಿಂಗೆನ್ನಿನ ಮಂದಿರವೂ ಸುಟ್ಟುಹೋಯಿತು. ಅವನ ಅಂತ್ಯಕ್ರಿಯೆ ಸರಳವಾಗಿ ನಡೆಯಬೇಕೆಂದು ಎಲಿ ಬಯಸಿದ್ದಳು. ಬರ್ಲಿನ್ನಿನ ಸ್ಮಶಾನದಲ್ಲಿ ಅದನ್ನು ಪಕ್ಷದವರು ತಮ್ಮ ಮೆರವಣಿಗೆಯನ್ನಾಗಿ ಮಾಡಿಕೊಂಡರು. ಆಕೆ ನೂರು ವರ್ಷ ಬಾಳಿ 2007ರಲ್ಲಿ ತೀರಿಕೊಂಡಳು.

ಆ ವರ್ಷಗಳ ಅನೇಕ ಜರ್ಮನ್ ಓಟದ ಕಾರುಗಳ ಮೇಲೆ ನಾಜಿಗಳ ಸ್ವಸ್ತಿಕವನ್ನು ಬರೆಯಲಾಗಿತ್ತು. ಇಂದಿನ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ವಿದ್ಯೆ, ಕಲೆ ಮುಂತಾದ ಸಂದರ್ಭಗಳನ್ನುಳಿದು ಆ ಚಿಹ್ನೆಯ ಬಹಿರಂಗ ಪ್ರದರ್ಶನವನ್ನು ಜರ್ಮನಿಯ ಕಾನೂನು ನಿಷೇಧಿಸಿದೆ. ಆ ನಿಷೇಧ ನ್ಯಾಯವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹೊಸ್ತಿಲಲ್ಲಿಯೂ ಬಸದಿಯಲ್ಲಿಯೂ ಸ್ವಸ್ತಿಕವನ್ನು ಮಂಗಳಚಿಹ್ನೆಯಾಗಿ ಕಂಡ ನಮ್ಮ ಮಕ್ಕಳಿಗಂತೂ ಆ ಇನ್ನೊಂದು ಸ್ವಸ್ತಿಕ ಏನನ್ನು ಮಾಡಿತೆಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಆದರೆ ಗುರುತು ಅಳಿದ ಕಾರು ಬರಿಯ ಚೆಲುವಾಗಿ ಉಳಿಯುತ್ತದೆ. ಅದನ್ನು ಕೈಗೆತ್ತಿಕೊಂಡ ಹುಡುಗನಿಗೆ ಹೊಳಪು ಕಾಣುತ್ತದೆ, ಕಾಲ ಕಾಣುವುದಿಲ್ಲ. ಅದಕ್ಕಾಗಿ ಪ್ರತಿಯೊಂದು ಮಾದರಿಯ ಕೆಳಗೂ ಒಂದು ಚೀಟಿಯನ್ನು ಬರೆದಿಟ್ಟಿದ್ದೇನೆ: ಯಾವ ವರ್ಷದ ಕಾರು, ಯಾರ ಹಣ, ಆ ವರ್ಷ ಜರ್ಮನಿಯಲ್ಲಿ ಏನು ನಡೆಯಿತು. ಬರ್ನೋ ಜಯದ ಕಾರಿನ ಕೆಳಗೆ ಸೆಪ್ಟೆಂಬರ್ 15 ಮತ್ತು 29 ಎಂಬ ಎರಡು ದಿನಾಂಕಗಳೂ ಒಂದರ ಕೆಳಗೊಂದು ಇವೆ.

ಈ ಪಾಠವನ್ನು ನಾನು ಕಲಿತದ್ದು ಪಂಪನಿಂದ. ಕರ್ಣನ ತ್ಯಾಗವನ್ನೂ ಪರಾಕ್ರಮವನ್ನೂ ಪಂಪನು ಮನಸಾರೆ ಕೊಂಡಾಡಿದ್ದಾನೆ. ಅದಕ್ಕಾಗಿ ಕರ್ಣನ ರಥವನ್ನು ಕೌರವಸೇನೆಯಿಂದ ಬೇರೆಡೆಗೆ ಸರಿಸಿ ನಿಲ್ಲಿಸಲಿಲ್ಲ. ಕರ್ಣನಿಗಾದರೋ ಋಣದ ಕಟ್ಟು ಇತ್ತು, ಅದರ ಅರಿವೂ ವೇದನೆಯೂ ಇದ್ದವು. ರೋಸೆಮೆಯರನನ್ನು ಆ ಎತ್ತರಕ್ಕೆ ಏರಿಸಲು ನಾನು ಹೊರಟಿಲ್ಲ. ಮಂಜಿನಲ್ಲಿ ಎಲ್ಲರಿಗಿಂತ ದೂರ ಕಂಡ ಆ ಕಣ್ಣು ತನ್ನ ಸುತ್ತಣ ಕತ್ತಲೆಗೆ ಎದುರಾಡಲಿಲ್ಲವೆಂಬುದು ಅವನ ಚರಿತ್ರೆಯ ಭಾಗವೇ ಆಗಿದೆ. ಅವನು ಅಪೂರ್ವ ಸಾರಥಿ; ಅವನ ರಥ ನಿಂತಿದ್ದುದು ಅಧರ್ಮದ ಸೇನೆಯಲ್ಲಿ. ಅವನ ಕಥೆಯನ್ನು ಹೇಳುವವರು ಈ ಎರಡರಲ್ಲಿ ಯಾವ ಒಂದನ್ನೂ ಬಿಡಬಾರದು.