ಬಿಲ್ಲಿ ಮೆರೆಡಿತ್

ಬಿಲ್ಲಿ ಮೆರೆಡಿತ್ (ಪೂರ್ಣ ಹೆಸರು: ವಿಲಿಯಂ ಹೆನ್ರಿ ಮೆರೆಡಿತ್, ಜುಲೈ 30, 1874 – ಏಪ್ರಿಲ್ 19, 1958) ವೇಲ್ಸ್ ದೇಶದ ಪ್ರಸಿದ್ಧ ಫುಟ್‌ಬಾಲ್ ಆಟಗಾರರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ಗಳೆರಡರ ಪರವಾಗಿಯೂ ಬಲಬದಿಯ ವಿಂಗರ್ ಆಗಿ ಆಡಿದ ಅವರನ್ನು ಬ್ರಿಟಿಷ್ ಫುಟ್‌ಬಾಲಿನ ಮೊದಲ ತಾರೆಗಳಲ್ಲಿ ಒಬ್ಬರೆಂದು ಪರಿಗಣಿಸಲಾಗುತ್ತದೆ. ಆಟಗಾರರ ವೇತನಕ್ಕೆ ವಿಧಿಸಿದ್ದ ಗರಿಷ್ಠ ಮಿತಿಯನ್ನು ಮೀರಿದ್ದಕ್ಕಾಗಿ 1906ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕಠಿಣ ದಂಡನೆಗೆ ಒಳಗಾಯಿತು. ಆ ಪ್ರಕರಣ ಹೊರಬರಲು ಮೆರೆಡಿತ್ ಅವರೇ ಕಾರಣರಾದರು. ಬಳಿಕ ಅದೇ ಮಿತಿಯನ್ನು ವಿರೋಧಿಸಿದ ಆಟಗಾರರ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರಾಗಿದ್ದರು.

ಆರಂಭಿಕ ಜೀವನ

ಮೆರೆಡಿತ್ ಅವರು ಉತ್ತರ ವೇಲ್ಸಿನ ಚರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್ ಪಾರ್ಕ್ ಎಂಬಲ್ಲಿ ಜನಿಸಿದರು. ಅದು ಕಲ್ಲಿದ್ದಲು ಗಣಿಗಳ ಪ್ರದೇಶ. ಹನ್ನೆರಡನೆಯ ವಯಸ್ಸಿಗೇ ಅವರು ಗಣಿ ಕೆಲಸಕ್ಕೆ ಸೇರಿದರು. ಚರ್ಕ್ ಮತ್ತು ನಾರ್ತ್‌ವಿಚ್ ವಿಕ್ಟೋರಿಯಾ ತಂಡಗಳಲ್ಲಿ ಆಡಿದ ನಂತರ 1894ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೇರಿದರು. ಮೊದಲ ಕೆಲವು ತಿಂಗಳು ಗಣಿಯ ಕೆಲಸವನ್ನು ಬಿಡದೆಯೇ ಆಡಿದ ಅವರು 1895ರಲ್ಲಿ ವೃತ್ತಿಪರ ಆಟಗಾರರಾದರು. ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡೇ ಆಡುವುದು ಅವರ ಗುರುತಾಗಿತ್ತು.

ಮ್ಯಾಂಚೆಸ್ಟರ್ ಸಿಟಿ ಮತ್ತು ವೇತನ ಮಿತಿ

ಇಂಗ್ಲೆಂಡಿನ ಆಡಳಿತ ಸಂಸ್ಥೆಯಾದ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಆಟಗಾರರ ವೇತನಕ್ಕೆ ಮಿತಿ ಹಾಕಿ ರೂಪಿಸಿದ ನಿಯಮವು 1901ರಲ್ಲಿ ಜಾರಿಗೆ ಬಂದಿತು. ಅದರಂತೆ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡ್‌ಗಿಂತ ಹೆಚ್ಚು ವೇತನ ನೀಡುವಂತಿರಲಿಲ್ಲ. ಪಂದ್ಯ ಗೆದ್ದುದಕ್ಕೆ ಬಹುಮಾನ ಕೊಡುವುದೂ ನಿಷಿದ್ಧವಾಗಿತ್ತು. ಇದರ ಜೊತೆಗೆ, ಋತು ಮುಗಿದ ಮೇಲೂ ಆಟಗಾರನ ನೋಂದಣಿಯನ್ನು ಕ್ಲಬ್ ತನ್ನ ಬಳಿಯೇ ಇರಿಸಿಕೊಳ್ಳಬಹುದಾಗಿತ್ತು. ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಆತ ಲೀಗಿನ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ನಾಲ್ಕು ಪೌಂಡ್ ಅಂದಿನ ಕುಶಲ ಕಾರ್ಮಿಕನ ಕೂಲಿಗಿಂತ ಹೆಚ್ಚೇ ಆಗಿದ್ದರೂ, ಸಾವಿರಾರು ಪ್ರೇಕ್ಷಕರನ್ನು ಮೈದಾನಕ್ಕೆ ಸೆಳೆಯುತ್ತಿದ್ದ ಆಟಗಾರರಿಗೆ ಅದು ಅನ್ಯಾಯವಾಗಿ ಕಂಡಿತು. ಉತ್ತಮ ಆಟಗಾರರನ್ನು ಉಳಿಸಿಕೊಳ್ಳಲು ಹಲವು ಕ್ಲಬ್‌ಗಳು ಲೆಕ್ಕಪತ್ರಗಳಲ್ಲಿ ಕಾಣದಂತೆ ಹೆಚ್ಚುವರಿ ಹಣ ನೀಡತೊಡಗಿದವು.

ಕಾರ್ಯದರ್ಶಿ ಟಾಮ್ ಮ್ಯಾಲಿ ಅವರ ನೇತೃತ್ವದಲ್ಲಿ ಮ್ಯಾಂಚೆಸ್ಟರ್ ಸಿಟಿ ಈ ಅವಧಿಯಲ್ಲಿ ಬಲಿಷ್ಠ ತಂಡವಾಗಿ ಬೆಳೆಯಿತು. 1904ರ ಏಪ್ರಿಲ್ 23ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ನಡೆದ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಮೆರೆಡಿತ್ ಹೊಡೆದ ಏಕೈಕ ಗೋಲಿನಿಂದ ಸಿಟಿ ತಂಡವು ಬೋಲ್ಟನ್ ವಾಂಡರರ್ಸ್ ತಂಡವನ್ನು ಸೋಲಿಸಿತು. ಇದು ಆ ಕ್ಲಬ್ ಗೆದ್ದ ಮೊದಲ ಪ್ರಮುಖ ಪ್ರಶಸ್ತಿ.

ಲಂಚದ ಆರೋಪ ಮತ್ತು ಅಮಾನತು

1905ರ ಏಪ್ರಿಲ್ 29ರಂದು ಆ ಋತುವಿನ ಕೊನೆಯ ಪಂದ್ಯದಲ್ಲಿ ಸಿಟಿ ತಂಡವು ಆಸ್ಟನ್ ವಿಲ್ಲಾ ವಿರುದ್ಧ 2–3ರಿಂದ ಸೋತು ಲೀಗ್ ಪ್ರಶಸ್ತಿಯ ಅವಕಾಶವನ್ನು ಕಳೆದುಕೊಂಡಿತು. ಪಂದ್ಯವನ್ನು ಬಿಟ್ಟುಕೊಡಲು ವಿಲ್ಲಾ ತಂಡದ ಅಲೆಕ್ ಲೀಕ್ ಅವರಿಗೆ ಮೆರೆಡಿತ್ 10 ಪೌಂಡ್ ನೀಡಲು ಮುಂದಾಗಿದ್ದರೆಂಬ ಆರೋಪವನ್ನು ಎಫ್‌ಎ ಎತ್ತಿಹಿಡಿದು, ಅವರನ್ನು ಮುಂದಿನ ಋತುವಿನ ಬಹುಭಾಗಕ್ಕೆ ಅಮಾನತುಗೊಳಿಸಿತು. ಮೆರೆಡಿತ್ ಮೊದಲು ಆರೋಪವನ್ನು ನಿರಾಕರಿಸಿದರು. ನಂತರ, ಹಣದ ಮಾತು ಆಡಿದ್ದು ನಿಜವೆಂದು ಒಪ್ಪಿಕೊಂಡು, ಅದು ಮ್ಯಾಲಿ ಅವರ ಸೂಚನೆಯಂತೆ ನಡೆಯಿತೆಂದು ದೂರಿದರು.

ಅಮಾನತಿನ ಕಾಲದಲ್ಲಿ ಅವರಿಗೆ ವೇತನ ನೀಡುವುದು ನಿಯಮಬಾಹಿರವಾಗಿತ್ತು. ಎಫ್‌ಎಯ ಕಣ್ಣು ತನ್ನ ಮೇಲೆ ಬಿದ್ದಿದ್ದರಿಂದ ಕ್ಲಬ್ ಹಣ ಕೊಡಲು ಹಿಂಜರಿಯಿತು. ಮೆರೆಡಿತ್ ಬಾಕಿಗಾಗಿ ಪಟ್ಟುಹಿಡಿದಾಗ, ಅವರು ನಿಯಮಬಾಹಿರವಾಗಿ ಹಣ ಕೇಳುತ್ತಿದ್ದಾರೆಂದು ಕ್ಲಬ್ಬೇ ಎಫ್‌ಎಗೆ ದೂರು ನೀಡಿತು. ತಾವೊಬ್ಬರೇ ಶಿಕ್ಷೆ ಅನುಭವಿಸಲು ಒಪ್ಪದ ಮೆರೆಡಿತ್, ಕ್ಲಬ್ ವರ್ಷಗಳಿಂದ ಮಿತಿಮೀರಿ ವೇತನ ನೀಡುತ್ತಿದ್ದುದನ್ನು ಬಹಿರಂಗಪಡಿಸಿದರು. ತಮಗೆ ವಾರಕ್ಕೆ 6 ಪೌಂಡ್ ಸಿಗುತ್ತಿತ್ತೆಂದು ಅವರು ಹೇಳಿದರು.

1906ರ ದಂಡನೆ

ತನಿಖೆಯ ನಂತರ 1906ರಲ್ಲಿ ಎಫ್‌ಎ ತನ್ನ ತೀರ್ಪನ್ನು ಪ್ರಕಟಿಸಿತು. ಅದರ ಮುಖ್ಯಾಂಶಗಳು ಹೀಗಿದ್ದವು:

• ಕ್ಲಬ್ಬಿಗೆ 250 ಪೌಂಡ್ ದಂಡ
• ಕಾರ್ಯದರ್ಶಿ ಮ್ಯಾಲಿ ಮತ್ತು ಮಾಜಿ ಅಧ್ಯಕ್ಷ ಫಾರೆಸ್ಟ್ ಅವರಿಗೆ ಆಜೀವ ನಿಷೇಧ
• ಹದಿನೇಳು ಆಟಗಾರರಿಗೆ 1907ರ ಜನವರಿ 1ರವರೆಗೆ ಅಮಾನತು ಹಾಗೂ ಒಟ್ಟು 900 ಪೌಂಡ್ ದಂಡ
• ಆ ಆಟಗಾರರು ಮುಂದೆ ಸಿಟಿ ಪರವಾಗಿ ಆಡುವುದಕ್ಕೆ ನಿಷೇಧ

ಎಲ್ಲೆಡೆ ರೂಢಿಯಲ್ಲಿದ್ದುದನ್ನೇ ತಾವೂ ಅನುಸರಿಸಿದ್ದಾಗಿಯೂ, ಎಲ್ಲ ಕ್ಲಬ್‌ಗಳ ತನಿಖೆ ನಡೆದರೆ ನಿರ್ದೋಷಿಗಳಾಗಿ ಹೊರಬರುವವು ಕೆಲವೇ ಎಂದೂ ಮ್ಯಾಲಿ ವಾದಿಸಿದರು. ಅವರ ಮೇಲಿನ ನಿಷೇಧವನ್ನು ಕೆಲವು ವರ್ಷಗಳ ಬಳಿಕ ತೆಗೆದುಹಾಕಲಾಯಿತು.

ದಂಡನೆಯ ಪರಿಣಾಮ ತಕ್ಷಣವೇ ಕಾಣಿಸಿತು. 1906ರ ಸೆಪ್ಟೆಂಬರ್ 1ರಂದು ತೀವ್ರ ಬಿಸಿಲಿನಲ್ಲಿ ಹೊಸ ಆಟಗಾರರೊಂದಿಗೆ ಕಣಕ್ಕಿಳಿದ ಸಿಟಿ ತಂಡವು ವೂಲಿಚ್ ಆರ್ಸೆನಲ್ ವಿರುದ್ಧ 1–4ರಿಂದ ಸೋತಿತು. ಪಂದ್ಯ ಮುಗಿಯುವಾಗ ಮೈದಾನದಲ್ಲಿ ಅದರ ಆರು ಆಟಗಾರರಷ್ಟೇ ಉಳಿದಿದ್ದರು. ಎರಡು ದಿನಗಳ ನಂತರ ಎವರ್ಟನ್ ವಿರುದ್ಧ 1–9ರಿಂದ ಪರಾಭವಗೊಂಡಿತು. 1909ರಲ್ಲಿ ಕ್ಲಬ್ ಎರಡನೇ ದರ್ಜೆಗೆ ಇಳಿಯಿತು.

ಮ್ಯಾಂಚೆಸ್ಟರ್ ಯುನೈಟೆಡ್

ಅಮಾನತುಗೊಂಡ ಆಟಗಾರರನ್ನು ಮಾರಾಟ ಮಾಡಲು ಮ್ಯಾಂಚೆಸ್ಟರ್‌ನ ಕ್ವೀನ್ಸ್ ಹೋಟೆಲಿನಲ್ಲಿ ಹರಾಜಿನ ಮಾದರಿಯ ಸಭೆ ನಡೆಯಿತು. ಮೆರೆಡಿತ್ ಅವರನ್ನು ಯುನೈಟೆಡ್ ಕ್ಲಬ್ ಅದಕ್ಕೂ ಮೊದಲೇ ಸೇರಿಸಿಕೊಂಡಿತ್ತು. ಸ್ಯಾಂಡಿ ಟರ್ನ್‌ಬುಲ್, ಹರ್ಬರ್ಟ್ ಬರ್ಜೆಸ್ ಮತ್ತು ಜಿಮ್ಮಿ ಬ್ಯಾನಿಸ್ಟರ್ ಅವರೂ ಯುನೈಟೆಡ್ ಸೇರಿದರು. ಅಮಾನತು ಮುಗಿದ ದಿನವಾದ 1907ರ ಜನವರಿ 1ರಂದೇ ಮೆರೆಡಿತ್ ಆಸ್ಟನ್ ವಿಲ್ಲಾ ವಿರುದ್ಧ ಕಣಕ್ಕಿಳಿದರು. ಅವರ ಪಾಸ್‌ನಿಂದ ಟರ್ನ್‌ಬುಲ್ ಪಂದ್ಯದ ಏಕೈಕ ಗೋಲು ಹೊಡೆದರು. ಯುನೈಟೆಡ್ 1908 ಮತ್ತು 1911ರಲ್ಲಿ ಲೀಗ್ ಪ್ರಶಸ್ತಿಯನ್ನೂ 1909ರಲ್ಲಿ ಎಫ್‌ಎ ಕಪ್ಪನ್ನೂ ಗೆದ್ದುಕೊಂಡಿತು. ಹೀಗೆ ಒಂದು ಕ್ಲಬ್ಬಿನ ಶಿಕ್ಷೆಯು ಅದೇ ನಗರದ ಪ್ರತಿಸ್ಪರ್ಧಿ ಕ್ಲಬ್ಬಿನ ಏಳಿಗೆಗೆ ನೆರವಾಯಿತು.

ಆಟಗಾರರ ಸಂಘ

1907ರ ಏಪ್ರಿಲ್‌ನಲ್ಲಿ ಯುನೈಟೆಡ್‌ನ ಥಾಮಸ್ ಬ್ಲ್ಯಾಕ್‌ಸ್ಟಾಕ್ ಎಂಬ ಯುವ ಆಟಗಾರರು ಮೀಸಲು ತಂಡದ ಪಂದ್ಯದಲ್ಲಿ ಕುಸಿದುಬಿದ್ದು ಮೃತಪಟ್ಟರು. ಅವರ ಕುಟುಂಬಕ್ಕೆ ಪರಿಹಾರ ದೊರೆಯಲಿಲ್ಲ. ಈ ಘಟನೆಯು ಆಟಗಾರರ ಅಸಮಾಧಾನವನ್ನು ಇನ್ನಷ್ಟು ಹೆಚ್ಚಿಸಿತು. ಅದೇ ವರ್ಷದ ಡಿಸೆಂಬರ್ 2ರಂದು ಮ್ಯಾಂಚೆಸ್ಟರ್‌ನ ಇಂಪೀರಿಯಲ್ ಹೋಟೆಲಿನಲ್ಲಿ ಮೆರೆಡಿತ್ ಅವರ ಅಧ್ಯಕ್ಷತೆಯಲ್ಲಿ ನಡೆದ ಸಭೆಯಲ್ಲಿ ಆಟಗಾರರ ಸಂಘವು ಸ್ಥಾಪನೆಯಾಯಿತು. ವೇತನ ಮಿತಿ ಮತ್ತು ವರ್ಗಾವಣೆ ನಿರ್ಬಂಧಗಳನ್ನು ತೆಗೆದುಹಾಕುವುದು ಅದರ ಮುಖ್ಯ ಬೇಡಿಕೆಗಳಾಗಿದ್ದವು.

1909ರಲ್ಲಿ ಎಫ್‌ಎ ಸಂಘದ ಮಾನ್ಯತೆಯನ್ನು ಹಿಂತೆಗೆದುಕೊಂಡು, ಸದಸ್ಯತ್ವ ತೊರೆಯದವರ ನೋಂದಣಿಯನ್ನು ರದ್ದುಪಡಿಸುವುದಾಗಿ ಎಚ್ಚರಿಸಿತು. ಹೆಚ್ಚಿನವರು ರಾಜೀನಾಮೆ ನೀಡಿದರೂ ಮೆರೆಡಿತ್ ಮತ್ತು ಯುನೈಟೆಡ್‌ನ ಸಹ ಆಟಗಾರರು ಮಣಿಯಲಿಲ್ಲ. ಋತು ಆರಂಭವಾಗುವ ಹೊಸ್ತಿಲಲ್ಲಿ ರಾಜಿ ಏರ್ಪಟ್ಟು ಸಂಘ ಉಳಿದುಕೊಂಡಿತಾದರೂ ವೇತನ ಮಿತಿ ಮುಂದುವರಿಯಿತು. ಇದು ಮೆರೆಡಿತ್ ಅವರಿಗೆ ನಿರಾಶೆ ತಂದಿತು.

ಕೊನೆಯ ವರ್ಷಗಳು

ವೇಲ್ಸ್ ಪರವಾಗಿ 48 ಪಂದ್ಯಗಳನ್ನಾಡಿ 11 ಗೋಲು ಗಳಿಸಿದ ಮೆರೆಡಿತ್, 1920ರಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಕೊನೆಯ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದಾಗ ಅವರಿಗೆ 45 ವರ್ಷ. ವೇಲ್ಸ್ ಆ ಪಂದ್ಯವನ್ನು 2–1ರಿಂದ ಗೆದ್ದಿತು. 1921ರಲ್ಲಿ ಮತ್ತೆ ಮ್ಯಾಂಚೆಸ್ಟರ್ ಸಿಟಿಗೆ ಮರಳಿದ ಅವರು, 1924ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ವಿರುದ್ಧದ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ತಮ್ಮ 49ನೇ ವಯಸ್ಸಿನಲ್ಲಿ ಕೊನೆಯ ಪಂದ್ಯ ಆಡಿದರು. 1958ರ ಏಪ್ರಿಲ್ 19ರಂದು ಮ್ಯಾಂಚೆಸ್ಟರ್‌ನಲ್ಲಿ ನಿಧನರಾದರು.

ಮಹತ್ವ

ಮೆರೆಡಿತ್ ವಿರೋಧಿಸಿದ ವೇತನ ಮಿತಿಯು ಅವರ ಮರಣದ ಮೂರು ವರ್ಷಗಳ ಬಳಿಕ, 1961ರಲ್ಲಿ ರದ್ದಾಯಿತು. ಆ ವೇಳೆಗೆ ಅದು ವಾರಕ್ಕೆ 20 ಪೌಂಡ್ ಆಗಿತ್ತು. ಆಟಗಾರನನ್ನು ಕ್ಲಬ್ಬಿಗೆ ಕಟ್ಟಿಹಾಕುತ್ತಿದ್ದ ಪದ್ಧತಿಯು ಅನ್ಯಾಯಕರವೆಂದು ಇಂಗ್ಲೆಂಡಿನ ನ್ಯಾಯಾಲಯವು 1963ರಲ್ಲಿ ತೀರ್ಪು ನೀಡಿತು. ಅವರು ಸ್ಥಾಪಿಸಲು ನೆರವಾದ ಸಂಘವು ಇಂದು ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘವಾಗಿ (ಪಿಎಫ್‌ಎ) ಕಾರ್ಯನಿರ್ವಹಿಸುತ್ತಿದೆ. ದಶಕಗಳ ಕಾಲ ಗುರುತಿನ ಕಲ್ಲಿಲ್ಲದೆ ಉಳಿದಿದ್ದ ಅವರ ಸಮಾಧಿಗೆ 2001ರಲ್ಲಿ ಸ್ಮಾರಕ ಶಿಲೆಯನ್ನು ಇರಿಸಲಾಯಿತು. ಅದರ ವೆಚ್ಚ ಭರಿಸಿದವರಲ್ಲಿ ಆ ಸಂಘವೂ, ಅವರನ್ನು ಒಮ್ಮೆ ಕಳೆದುಕೊಂಡ ಸಿಟಿ ಮತ್ತು ಪಡೆದುಕೊಂಡ ಯುನೈಟೆಡ್ ಕ್ಲಬ್‌ಗಳೂ ಸೇರಿದ್ದವು.